ಆರು ಮಕ್ಕಳು, ಒಂದೇ ಪಾಠ: ಪುಣೆಯಲ್ಲಿ ನಮ್ಮ ಮನೆಶಾಲೆ

ಆರು ಮಕ್ಕಳಿಗೆ ಆರು ಕ್ಲಾಸು ನಡೆಸಲು ಹೋಗಬೇಡಿ. ಮನೆಯಲ್ಲೇ ಕಲಿಸಬೇಕು ಅಂತಿರುವ ದೊಡ್ಡ ಮನೆಯವರಿಗೆ ನಾನು ಮೊದಲು ಹೇಳುವ ಮಾತು ಇದೇ. ನಮ್ಮದು ಪುಣೆಯ ಕರ್ವೆ ನಗರದಲ್ಲಿ ಕೂಡು ಕುಟುಂಬ, ಮೂಲ ಕಲಬುರಗಿ ಕಡೆಯವರು. ನನ್ನ ಮಕ್ಕಳು ನಾಲ್ಕು, ಮೈದುನನ ಮಕ್ಕಳು ಎರಡು. ದೊಡ್ಡವಳಿಗೆ 15, ಎಲ್ಲಕ್ಕಿಂತ ಸಣ್ಣದಕ್ಕೆ ಇನ್ನೂ ಮೂರು ತುಂಬಿಲ್ಲ. ನಾನು, ನೆಗೆಣ್ಣಿ, ಅತ್ತೆ, ಮೂವರೂ ಸೇರಿ ಕಲಿಸುತ್ತೇವೆ.

ಬೇರೆ ಬೇರೆ ಕೂರಿಸಿ ಕಲಿಸುವುದು ಎರಡೇ: ಲೆಕ್ಕ, ಮತ್ತೆ ಓದು-ಬರಹ. ಇವುಗಳಲ್ಲಿ ಹಿಂದಿನದು ಗಟ್ಟಿಯಾಗದೆ ಮುಂದಿನದು ತಲೆಗೆ ಹತ್ತುವುದಿಲ್ಲ. ನಾಷ್ಟಾ ಆದ ಮೇಲೆ ನಾನು ನಡುಮನೆಯಲ್ಲಿ ಕೂರುತ್ತೇನೆ, ಒಬ್ಬರಾದ ಮೇಲೆ ಒಬ್ಬರು ಬಂದು ಇಪ್ಪತ್ತು ನಿಮಿಷ ಕೂತು ಹೋಗುತ್ತಾರೆ, ಉಳಿದವರು ಆ ಹೊತ್ತಿಗೆ ಬರೆಯುತ್ತಿರುತ್ತಾರೆ, ಇಲ್ಲಾ ಅಜ್ಜಿಗೆ ಕಾಗುಣಿತ, ಮಗ್ಗಿ ಒಪ್ಪಿಸುತ್ತಿರುತ್ತಾರೆ. ಸಣ್ಣದನ್ನು ನೆಗೆಣ್ಣಿ ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಅದು ಮಲಗಿದಾಗ ದೊಡ್ಡವರ ವಿಜ್ಞಾನ. ಆಗ ಮನೆಯಲ್ಲಿ ಮಿಕ್ಸರ್ ಕೂಡ ಹಾಕುವುದಿಲ್ಲ.

ಮಿಕ್ಕಿದ್ದೆಲ್ಲ ಒಟ್ಟಿಗೆ. ಇತಿಹಾಸ, ಭೂಗೋಳ, ಗಿಡಮರ, ಎಲ್ಲಾ. ಪಾಠ ಒಂದೇ, ಯಾರಿಂದ ಎಷ್ಟು ಕೇಳಬೇಕು ಅನ್ನುವುದು ಮಾತ್ರ ಬೇರೆ.

ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರವನ್ನೇ ತಗೊಳ್ಳಿ. 8ನೇ ಶತಮಾನದ, ರಾಷ್ಟ್ರಕೂಟರ ಕಾಲದ ಗುಹಾಲಯ. ಏಳು ವರ್ಷದವನು ನಂದಿ ಮಂಟಪದ ಸುತ್ತ ಓಡಾಡಿ ಕಂಬ ಎಣಿಸಿದ. ಒಂಬತ್ತರವಳು ಆ ದುಂಡು ಮಂಟಪವನ್ನು ಮೇಲಿನಿಂದ ನೋಡಿದರೆ ಹೇಗೆ ಕಾಣಬಹುದು ಅಂತ ಚಿತ್ರ ಬರೆದಳು. "ಇಷ್ಟು ದೊಡ್ಡ ಕಂಬ ಎಲ್ಲಿಂದ ತಂದ್ರು?" ಅಂತ ಚಿಕ್ಕವನು ಕೇಳಿದ್ದಕ್ಕೆ ದೊಡ್ಡವಳು, "ತರಲೇ ಇಲ್ಲ ಕಣೋ, ಸುತ್ತಲಿನ ಕಲ್ಲು ಕಡಿದು ತೆಗೆದ್ರು, ಉಳಿದದ್ದೇ ಕಂಬ" ಅಂದಳು. ಅವನು ಸುಮ್ನೆ ನಿಂತು ಆ ಕಂಬವನ್ನೇ ಮುಟ್ಟಿ ಮುಟ್ಟಿ ನೋಡಿದ. ಪುಸ್ತಕದಲ್ಲಿ ಓದಿಸಿದ್ದರೆ ಈ ಪ್ರಶ್ನೆ ಬರುತ್ತಿತ್ತಾ?

ಆ ರಾಷ್ಟ್ರಕೂಟರ ರಾಜಧಾನಿ ಮುಂದೆ ಮಾನ್ಯಖೇಟವಾಯಿತು, ಅಂದರೆ ಇವತ್ತಿನ ಮಳಖೇಡ, ನಮ್ಮದೇ ಕಲಬುರಗಿ ಜಿಲ್ಲೆ. ಹದಿಮೂರರವನು ನಕ್ಷೆ ಹರಡಿಕೊಂಡು ಅಲ್ಲಿಂದ ಪುಣೆಗೆ ಗೆರೆ ಎಳೆದ, ಅವರದ್ದೇ ಆದ ಎಲ್ಲೋರದ ಕೈಲಾಸ ಗುಡಿಯನ್ನೂ ಗುರುತು ಮಾಡಿದ. ಅದೇ ಜಿಲ್ಲೆಯ ಶಹಾಬಾದ್ ಫರ್ಶಿಯೇ ನಮ್ಮ ಮನೆಯ ನೆಲ, ಮಕ್ಕಳು ಸೀಮೆಸುಣ್ಣದಲ್ಲಿ ಗುಣಾಕಾರ ಮಾಡುವುದು ಅದರ ಮೇಲೇ. ಹಾಗಾಗಿ ಮರುದಿನದ ಪಾಠ ಕಲ್ಲಿನದ್ದು. ಒಡೆದ ಫರ್ಶಿಯ ತುಂಡನ್ನು ಉಜ್ಜಿ ಪುಡಿ ಮಾಡಿ ನಿಂಬೆರಸ ಹಿಂಡಿದೆವು, ಸಣ್ಣಗೆ ಗುಳ್ಳೆ ಎದ್ದಿತು, ಯಾಕೆಂದರೆ ಅದು ಸುಣ್ಣದಕಲ್ಲು. ಟೇಕಡಿಯಿಂದ, ಅಂದರೆ ಗುಡ್ಡದಿಂದ, ಆರಿಸಿ ತಂದ ಕರಿಕಲ್ಲಿನ ಪುಡಿಗೆ ಹಿಂಡಿದರೆ ಏನೂ ಆಗಲಿಲ್ಲ. ಅದು ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಆರಿದ್ದು. ಪಾತಾಳೇಶ್ವರವನ್ನು ಕಡಿದಿರುವುದೂ ಅಂಥ ಕಲ್ಲಿನಲ್ಲೇ. ದೊಡ್ಡವಳು ಗುಳ್ಳೆ ಏಳುವುದರ ರಾಸಾಯನಿಕ ಸಮೀಕರಣ ಬರೆದಳು, ಚಿಕ್ಕವನಿಗೆ ಗುಳ್ಳೆ ಕಂಡಿದ್ದೇ ಸಾಕಾಯಿತು.

ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡಲಿ, ತಾವೂ ಚೆನ್ನಾಗಿ ಕಲಿಯುತ್ತಾರೆ. ಆದರೆ ದಿನಕ್ಕೆ ಅರ್ಧ ಗಂಟೆ ಸಾಕು. ಹಿರಿಯವಳು ಹೆಣ್ಣುಮಗಳು ಅನ್ನುವ ಮಾತ್ರಕ್ಕೆ ಅವಳನ್ನೇ ಎರಡನೇ ತಾಯಿ ಮಾಡಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಅವಳಿಗೆ ಅವಳ ಓದಿದೆ, ಗೆಳತಿಯರಿದ್ದಾರೆ. ಇನ್ನೊಂದು, ನಡುವಿನ ಮಕ್ಕಳು. ದೊಡ್ಡವರಿಗೆ ಪರೀಕ್ಷೆ, ಚಿಕ್ಕವರಿಗೆ ಹಠ, ಮಧ್ಯದವರು ಸದ್ದಿಲ್ಲದೆ ಪಕ್ಕಕ್ಕೆ ಸರಿದುಬಿಡುತ್ತಾರೆ. ನಮ್ಮ ಹನ್ನೊಂದರವಳು ಅಂಥವಳೇ. ಶನಿವಾರ ಸಂಜೆ ಅವಳಿಗೇ ಮೀಸಲು, ನಾವಿಬ್ಬರೇ ಮಂಡಿಗೆ ಹೋಗಿ ತರಕಾರಿ ತರುತ್ತೇವೆ, ದರ ಕೇಳುವುದು, ಚಿಲ್ಲರೆ ಎಣಿಸುವುದು ಎಲ್ಲ ಅವಳದ್ದೇ. ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾಳೆ.

ಪರೀಕ್ಷೆ ಏನು ಗತಿ ಅಂತ ಊರಿನವರು ಕೇಳುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಓಎಸ್ ಇದೆ. 14 ತುಂಬಿದವರು ಹತ್ತನೇ ತರಗತಿಗೆ ಹೆಸರು ಹಚ್ಚಬಹುದು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಕನಿಷ್ಠ ಒಂದು ಭಾಷೆ. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ, ಎಲ್ಲ ವಿಷಯ ಒಟ್ಟಿಗೇ ಬರೆಯಬೇಕು ಅಂತಿಲ್ಲ, ಮುಗಿಸಲು ಐದು ವರ್ಷ ಸಮಯವಿದೆ. ಮನೆ ತುಂಬ ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ, ಅಲ್ವಾ? ಕನ್ನಡವೂ ಅಲ್ಲಿ ಒಂದು ವಿಷಯ. ದೊಡ್ಡವಳು ಅದನ್ನೇ ತಗೊಂಡಿದ್ದಾಳೆ, ಹಳೆ ಪ್ರಶ್ನೆಪತ್ರಿಕೆ ಬಿಡಿಸಿ ಅಜ್ಜಿಗೆ ತೋರಿಸುತ್ತಾಳೆ. ಎರಡನೆಯವನಿಗೆ ಮುಂದಿನ ವರ್ಷ 14 ಆಗುತ್ತದೆ. ಅವನು ಮರಾಠಿ ತಗೋತೀನಿ ಅನ್ನುತ್ತಿದ್ದಾನೆ. ತಗೊಳ್ಳಲಿ, ಕನ್ನಡ ಮನೆಯಲ್ಲಿ ಹೇಗೂ ಇದೆ.