ಮನೆಯವರೆಲ್ಲ ಕೆಲಸಕ್ಕೆ ಹೋದಾಗ ನಾಯಿಮರಿಗೆ ಒಂದು–ಎರಡು ಕಲಿಸುವುದು ಹೇಗೆ?

ಬೆಳಿಗ್ಗೆ ಎಂಟೂವರೆಗೆ ಬಾಗಿಲು ಹಾಕಿಕೊಂಡು ಹೋಗಿ ಸಂಜೆ ಆರೂವರೆ, ಏಳಕ್ಕೆ ಮರಳುವ ಮನೆಗಳಿಂದ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ‘ನಾವಿದ್ದಾಗ ಸರಿಯಾಗಿ ಹೊರಗೇ ಹೋಗುತ್ತೆ. ನಾವಿಲ್ಲದಾಗ ಸೋಫಾ ಪಕ್ಕದಲ್ಲೇ ಮಾಡುತ್ತೆ. ಬೇಕಂತಲೇ ಮಾಡುತ್ತೆ.’ ಖಂಡಿತ ಬೇಕಂತಲ್ಲ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಗಂಟೆ, ಬಹಳವೆಂದರೆ ಮೂರು ಗಂಟೆ ತಡೆದುಕೊಳ್ಳಬಲ್ಲದು. ಮೂತ್ರಕೋಶದ ಮೇಲೆ ಅದಕ್ಕೆ ನಂಬಬಹುದಾದ ಹಿಡಿತ ಬರುವುದೇ ನಾಲ್ಕರಿಂದ ಆರು ತಿಂಗಳ ಹೊತ್ತಿಗೆ. ಸಣ್ಣ ಜಾತಿಯ ನಾಯಿಗಳಿಗೆ ಇನ್ನೂ ತಡ. ಅಂದಮೇಲೆ ನೀವಿಲ್ಲದ ಹತ್ತು ಗಂಟೆಯಲ್ಲಿ ಅದು ಮೂರ‍್ನಾಲ್ಕು ಸಲ ಹೋಗಲೇಬೇಕು. ಎಲ್ಲಿ ಹೋಗಬೇಕೆಂದು ನೀವು ಗೊತ್ತುಮಾಡದಿದ್ದರೆ ಅದೇ ಗೊತ್ತುಮಾಡಿಕೊಳ್ಳುತ್ತದೆ. ಬೆಳಿಗ್ಗೆ ಸಂಜೆ ನೀವು ಕಲಿಸಿದ್ದು ಉಳಿಯುವುದೂ ಅಳಿಯುವುದೂ ಈ ಹತ್ತು ಗಂಟೆಗಳಲ್ಲೇ. ಹಾಗಾಗಿ ಈ ಬರಹದ ಬಹುಪಾಲು ಅವುಗಳ ಬಗ್ಗೆಯೇ.

ತರುವ ಮೊದಲು

ಎಂಟು ವಾರ ತುಂಬದ ಮರಿಯನ್ನು ತರಬೇಡಿ. ಅಂಥ ಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರದ 2017ರ ನಿಯಮಗಳೇ ಹೇಳುತ್ತವೆ. ಆದರೂ ಐದು ವಾರದ ಮರಿಗಳನ್ನು ‘ಎರಡು ತಿಂಗಳಾಗಿದೆ ಸಾರ್’ ಎಂದು ಕೈಗೆ ಕೊಡುವವರಿದ್ದಾರೆ. ಮಲಗುವ ಜಾಗ ಬಿಟ್ಟು ದೂರ ಹೋಗಿ ಮಾಡಬೇಕೆಂಬುದನ್ನು ಮರಿ ರೂಢಿಸಿಕೊಳ್ಳುವುದು ತಾಯಿಯ ಬಳಿ ಇರುವ ಆ ವಾರಗಳಲ್ಲಿ. ಅಂಗಡಿಯ ಪಂಜರದಲ್ಲಿ ತನ್ನ ಹೊಲಸಿನ ಮೇಲೇ ಮಲಗಿ ಬೆಳೆದ ಮರಿಗೆ ಈ ಪಾಠ ಹತ್ತಿಸುವುದು ಬಹಳ ಕಷ್ಟ. ಬೀದಿ ತಾಯಿನಾಯಿ ಸಾಕಿದ ಮರಿಗಳು ಈ ವಿಷಯದಲ್ಲಿ ಎಷ್ಟೋ ಚುರುಕು.

ರಜೆ ಹಾಕಿ. ಶುಕ್ರವಾರ ಸಂಜೆ ತಂದು ಸೋಮವಾರ ಬೆಳಿಗ್ಗೆ ಬಿಟ್ಟುಹೋಗುವುದಾದರೆ ಈಗ ತರುವುದೇ ಬೇಡ. ಇಬ್ಬರೂ ಒಂದೊಂದು ವಾರ ಬೇರೆ ಬೇರೆಯಾಗಿ ರಜೆ ತೆಗೆದುಕೊಂಡರೆ ಎರಡು ವಾರ ಸಿಗುತ್ತದೆ. ದೀಪಾವಳಿ ರಜೆ ಮಾತ್ರ ಬೇಡ. ಪಟಾಕಿ ಸದ್ದಿಗೆ ಬೆದರಿದ ಮರಿ ಬಾಗಿಲಾಚೆ ಕಾಲಿಡಲು ತಿಂಗಳುಗಟ್ಟಲೆ ಹಿಂಜರಿಯಬಹುದು.

ನೀವು ಮನೆಯಲ್ಲಿರುವಾಗ

ಇದು ಸುಲಭದ ಭಾಗ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುಂಚೆ ಮರಿಯನ್ನು ಎತ್ತಿಕೊಂಡು ಒಂದೇ ಜಾಗಕ್ಕೆ ಒಯ್ಯಿರಿ. ಸುಮ್ಮನೆ ನಿಂತಿರಿ. ಮಾಡುವಾಗ ಒಂದು ಪದ ಹೇಳಿ. ಅಜ್ಜಿ ‘ಒಂದಕ್ಕೆ ಮಾಡು’ ಎಂದು, ಮಗಳು ‘ಸೂಸೂ’ ಎಂದು, ಅಪ್ಪ ‘ಗೋ ಗೋ’ ಎಂದು ಹೇಳಿದರೆ ಮರಿಗೆ ಯಾವುದೂ ತಲೆಗೆ ಹೋಗುವುದಿಲ್ಲ. ಮನೆಮಂದಿಯೆಲ್ಲ ಒಂದೇ ಪದಕ್ಕೆ ಒಪ್ಪಿಕೊಳ್ಳಿ.

ಎರಡು ವಿಷಯಗಳಲ್ಲಿ ಮಾತ್ರ ಜನ ಎಡವುತ್ತಾರೆ. ಮೊದಲನೆಯದು ಬಹುಮಾನ. ಮರಿ ಮಾಡಿ ಮುಗಿಸಿದ ಒಂದೆರಡು ಸೆಕೆಂಡಿನೊಳಗೆ, ಅದೇ ಜಾಗದಲ್ಲಿ ಬೇಯಿಸಿದ ಕೋಳಿಯ ಚೂರನ್ನೋ ಪನೀರಿನ ಚೂರನ್ನೋ ಬಾಯಿಗಿಡಬೇಕು. ಒಳಗೆ ಕರೆತಂದು ಡಬ್ಬಿ ತೆಗೆದು ಕೊಟ್ಟರೆ, ಒಳಗೆ ಬಂದದ್ದಕ್ಕೆ ತಿಂಡಿ ಸಿಕ್ಕಿತು ಎಂದು ಅದು ತಿಳಿಯುತ್ತದೆ. ಎರಡನೆಯದು ಆಫೀಸಿನ ಅವಸರ. ಮರಿ ಉಚ್ಚೆ ಹೊಯ್ದ ಮರುಕ್ಷಣ ಅದನ್ನು ಎಳೆದುಕೊಂಡು ಒಳಗೆ ಬಂದರೆ, ಹೊಯ್ದರೆ ಸುತ್ತಾಟ ಮುಗಿಯುತ್ತದೆ ಎಂಬುದನ್ನು ಅದು ಎರಡೇ ದಿನದಲ್ಲಿ ಕಲಿಯುತ್ತದೆ. ಆಮೇಲೆ ಹೊರಗೆ ಅರ್ಧ ಗಂಟೆ ತಡೆದುಕೊಂಡು ಒಳಗೆ ಬಂದು ಮಾಡುತ್ತದೆ. ಕೆಲಸ ಮುಗಿದ ಮೇಲೆ ಐದು ನಿಮಿಷವಾದರೂ ಆಡಿಸಿ. ಅದಕ್ಕಾಗಿ ಹತ್ತು ನಿಮಿಷ ಬೇಗ ಏಳಿ.

‘ಹೊರಗೆ’ ಎಂದರೆ ಸದ್ಯಕ್ಕೆ ರಸ್ತೆಯಲ್ಲ. ಸುಮಾರು ಹದಿನಾರು ವಾರಕ್ಕೆ ಲಸಿಕೆಗಳ ಸರಣಿ ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬೇಡಿ. ಮರಿಗಳಿಗೆ ಪ್ರಾಣಾಂತಿಕ ವಾಂತಿ-ಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ತಾರಸಿ, ನಿಮ್ಮದೇ ಕಾಂಪೌಂಡು ಅಥವಾ ಬಾಲ್ಕನಿ ಸಾಕು.

ನೀವಿಲ್ಲದ ಹತ್ತು ಗಂಟೆ

ಪಂಜರದಲ್ಲಿ ಕೂಡಿಹಾಕಿ ಹೋಗುವವರಿದ್ದಾರೆ. ‘ಮಲಗುವ ಜಾಗದಲ್ಲಿ ನಾಯಿ ಹೊಲಸು ಮಾಡಲ್ಲ’ ಎಂದು ಎಲ್ಲೋ ಓದಿರುತ್ತಾರೆ. ಅದು ನಿಜ, ಆದರೆ ತಡೆದುಕೊಳ್ಳುವ ಶಕ್ತಿ ಇರುವಷ್ಟು ಹೊತ್ತು ಮಾತ್ರ. ರಾತ್ರಿ ಮಲಗಲು, ಒಂದೆರಡು ಗಂಟೆ ಹೊರಗೆ ಹೋಗಲು ಪಂಜರ ಒಳ್ಳೆಯದೇ. ಇಡೀ ಹಗಲು ಕೂಡಿಹಾಕಿದರೆ ಮರಿ ವಿಧಿಯಿಲ್ಲದೆ ಅಲ್ಲೇ ಮಾಡಿ ಅದರ ಮೇಲೇ ಮಲಗುತ್ತದೆ. ಹುಟ್ಟಿನಿಂದ ಬಂದ ಶುಚಿಯ ಬುದ್ಧಿ ಹೀಗೆ ಒಮ್ಮೆ ಕೆಟ್ಟರೆ ಮುಂದೆ ಯಾವ ತರಬೇತುದಾರ ಬಂದರೂ ಸುಲಭವಾಗಿ ಸರಿಮಾಡಲಾರ.

ಅದರ ಬದಲು ಒಂದು ಸಣ್ಣ ಕೋಣೆಯನ್ನೋ, ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿಯನ್ನೋ, ಹಾಲಿನ ಒಂದು ಮೂಲೆಗೆ ಬೇಲಿ ಕಟ್ಟಿಯೋ ಮರಿಗೆ ಬಿಡಿ. ಟೈಲ್ಸ್ ಅಥವಾ ಕಲ್ಲಿನ ನೆಲ ಇರಲಿ. ಕಾಲೊರೆಸು, ಚಾಪೆ, ಜಮಖಾನ ಎಲ್ಲವನ್ನೂ ತೆಗೆಯಿರಿ. ಕಾಲಿಗೆ ಮೆತ್ತಗೆ ಸಿಕ್ಕಿದ್ದೆಲ್ಲ ಮರಿಗೆ ಹುಲ್ಲಿನ ಹಾಗೇ. ಒಂದು ತುದಿಯಲ್ಲಿ ಹಾಸಿಗೆ, ಅದರ ಪಕ್ಕ ನೀರು, ಎದುರು ತುದಿಯಲ್ಲಿ ಪಾಯಿಖಾನೆ. ಹಗಲಿನಲ್ಲಿ ನೀರು ಎತ್ತಿಡಬೇಡಿ. ಉಚ್ಚೆ ಕಡಿಮೆಯಾಗಲಿ ಎಂದು ನೀರು ತಪ್ಪಿಸುವುದು ಕ್ರೌರ್ಯ, ಮೂತ್ರದ ಸೋಂಕಿಗೂ ದಾರಿ. ಬಿಸಿಲು ಬೀಳುವ ಬಾಲ್ಕನಿಯಲ್ಲಂತೂ ಬಾಗಿಲು ಹಾಕಿ ಹೋಗಲೇಬಾರದು. ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನ ಮಧ್ಯಾಹ್ನ ಮರಿಯ ಜೀವಕ್ಕೇ ಸಂಚಕಾರ.

ಮೊದಲ ದಿನಗಳಲ್ಲಿ ಹಾಸಿಗೆಯ ಜಾಗ ಬಿಟ್ಟು ಉಳಿದ ನೆಲಕ್ಕೆಲ್ಲ ಹಳೆಯ ಪತ್ರಿಕೆಗಳನ್ನು ಮೂರ‍್ನಾಲ್ಕು ಪದರ ಹಾಸಿ. ಮರಿ ಎಲ್ಲಿ ಮಾಡಿದರೂ ಕಾಗದದ ಮೇಲೇ ಆಗಬೇಕು. ಬದಲಿಸುವಾಗ ಎಲ್ಲವನ್ನೂ ಎಸೆಯದೆ, ಸ್ವಲ್ಪ ಒದ್ದೆಯಾದ ಒಂದು ಹಾಳೆಯನ್ನು ಹೊಸ ಹಾಳೆಗಳ ಅಡಿಯಲ್ಲಿಡಿ. ಆ ವಾಸನೆಯೇ ಮರಿಗೆ ದಾರಿ ತೋರಿಸುತ್ತದೆ. ಮೂರ‍್ನಾಲ್ಕು ದಿನ ಸತತವಾಗಿ ಹಾಸಿಗೆಯ ಕಡೆಯ ಹಾಳೆಗಳು ಒಣಗಿದ್ದರೆ, ಆ ಕಡೆಯಿಂದ ಒಂದು ಸಾಲು ತೆಗೆಯಿರಿ. ಮತ್ತೆ ಕಾಯಿರಿ. ಇಲ್ಲೇ ಹೆಚ್ಚಿನವರು ಅವಸರಪಟ್ಟು ಕೆಡಿಸಿಕೊಳ್ಳುವುದು: ಎರಡು ದಿನ ಚೆನ್ನಾಗಿ ನಡೆಯಿತೆಂದು ಇಡೀ ಕೋಣೆಯ ಕಾಗದವನ್ನು ಒಂದೇ ಸಲ ಒಂದು ಹಾಳೆಗೆ ಇಳಿಸಿಬಿಡುತ್ತಾರೆ. ಕಾಗದದ ಅಂಚು ತಪ್ಪಿ ನೆಲದ ಮೇಲೆ ಬಿದ್ದರೆ ಮರಿಯದಲ್ಲ ತಪ್ಪು. ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಅಗಲವಾಗಿ ಹಾಸಿ.

ಅಂಗಡಿಯಲ್ಲಿ ಸಿಗುವ ಸುವಾಸನೆಯ ಪ್ಯಾಡ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವು ದಪ್ಪ, ಮೆತ್ತಗೆ, ಥೇಟ್ ಕಾಲೊರೆಸಿನ ಹಾಗೆ. ಅವುಗಳ ಮೇಲೆ ಕಲಿತ ಮರಿ ನಾಳೆ ಪಕ್ಕದ ಮನೆಯ ಕಾಲೊರೆಸನ್ನೂ ಬಿಡುವುದಿಲ್ಲ. ಹಲ್ಲು ಬರುವ ಮರಿ ಪ್ಯಾಡ್ ಹರಿದು ಒಳಗಿನ ಹತ್ತಿ ನುಂಗಿದರೆ ಅದು ಬೇರೆಯೇ ಅಪಾಯ. ‘ಇಲ್ಲಿ ಮಾಡು’ ಎಂದು ಸಿಂಪಡಿಸುವ ದ್ರಾವಣವನ್ನೂ ಕೊಳ್ಳಬೇಡಿ. ಆ ಒದ್ದೆ ಹಾಳೆ ಪುಕ್ಕಟೆಯಾಗಿ ಅದೇ ಕೆಲಸ ಮಾಡುತ್ತದೆ.

ಕಾಗದ ಎಷ್ಟೇ ಹಾಸಿದರೂ ನಡುವೆ ಒಬ್ಬರು ಬರಲೇಬೇಕು. ಇದರಲ್ಲಿ ರಾಜಿ ಇಲ್ಲ. ಮೂರು ತಿಂಗಳ ತನಕ ಹಗಲಿನಲ್ಲಿ ಎರಡು ಸಲ, ಆಮೇಲೆ ಒಂದು ಸಲವಾದರೂ. ಮನೆಗೆಲಸಕ್ಕೆ ಬರುವ ಅಕ್ಕ, ಮೇಲಿನ ಮನೆಯ ನಿವೃತ್ತ ಅಂಕಲ್, ಕಾಲೇಜು ಮುಗಿಸಿ ಬರುವ ಪಕ್ಕದ ಮನೆ ಹುಡುಗ, ಹಣಕ್ಕೆ ನಾಯಿ ಸುತ್ತಾಡಿಸುವವರು, ಯಾರಾದರೂ ಸರಿ. ನಾಯಿ ಕಂಡರೆ ಹೆದರುವವರಿಗೆ ಒತ್ತಾಯ ಮಾಡಬೇಡಿ. ನಿಮ್ಮ ರಜೆಯ ದಿನಗಳಲ್ಲೇ ಅವರನ್ನು ಕರೆದು ಜೊತೆಗೆ ನಿಂತು ತೋರಿಸಿ. ‘ಅಕ್ಕ, ಬಂದ ತಕ್ಷಣ ಮೊದಲು ಇದನ್ನ ಎತ್ಕೊಂಡು ತಾರಸಿಗೆ ಹೋಗಿ. ಮಾಡಿದ ಮೇಲೆ ಅಲ್ಲೇ ತಿಂಡಿ ಕೊಡಿ. ಆಮೇಲೆ ಊಟ ಹಾಕಿ, ಕಾಲು ಗಂಟೆ ಬಿಟ್ಟು ಇನ್ನೊಂದ್ಸಲ ಕರ್ಕೊಂಡು ಹೋಗಿ. ಒಳಗೆ ಮಾಡಿದ್ರೆ ಬೈಬೇಡಿ.’ ಇಷ್ಟೇ. ಪಾತ್ರೆ ತೊಳೆದ ಮೇಲೆ ಕರೆದೊಯ್ಯುತ್ತೇನೆ ಎಂದರೆ ಆಗುವುದಿಲ್ಲ, ಬಾಗಿಲು ತೆರೆದ ಸಡಗರಕ್ಕೇ ಮರಿ ಹೊಯ್ದುಬಿಡುತ್ತದೆ. ಇದು ಅವರಿಗೆ ಹೆಚ್ಚುವರಿ ಕೆಲಸ, ಹೆಚ್ಚುವರಿ ಸಂಬಳ ಕೊಡಿ.

ಯಾವ ಹೊತ್ತಿಗೆ ಬರಬೇಕು ಎಂಬುದನ್ನು ಅಂದಾಜಿಗೆ ಬಿಡಬೇಡಿ. ಮನೆಯಲ್ಲಿಡುವ ಸಾಧಾರಣ ಕ್ಯಾಮೆರಾ ಒಂದಿದ್ದರೆ, ಮರಿ ಯಾವಾಗ ಎದ್ದು ನೆಲ ಮೂಸುತ್ತಾ ಸುತ್ತು ಹೊಡೆಯುತ್ತದೆ ಎಂಬುದನ್ನು ಒಂದು ವಾರ ನೋಡಿ ಬರೆದಿಟ್ಟುಕೊಳ್ಳಿ. ಊಟದ ಹೊತ್ತು ಬದಲಾಗದಿದ್ದರೆ ಇದೂ ಹೆಚ್ಚು ಬದಲಾಗುವುದಿಲ್ಲ. ಬರುವವರ ಸಮಯವನ್ನು ಅದಕ್ಕಿಂತ ಕಾಲು ಗಂಟೆ ಮುಂಚೆ ಇಡಿ.

ಊಟದ ಬಗ್ಗೆ ಒಂದು ಮಾತು. ನಮ್ಮಲ್ಲಿ ಮರಿಗೆ ಹಾಲನ್ನ, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಹಾಕುವ ರೂಢಿ ಇದೆ. ತಾಯಿಹಾಲು ಬಿಟ್ಟ ಮರಿಗಳಲ್ಲಿ ಹಲವಕ್ಕೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಭೇದಿಯಾದ ಮರಿ ಏನನ್ನು ತಡೆದುಕೊಂಡೀತು? ಮೂರು ಹೊತ್ತು, ಗೊತ್ತಾದ ವೇಳೆಗೆ, ಒಂದೇ ಬಗೆಯ ಊಟ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಡಿ. ಇಡೀ ದಿನ ಬಟ್ಟಲಲ್ಲಿ ಊಟ ಬಿಟ್ಟುಹೋದರೆ ‘ಎರಡು’ ಯಾವಾಗ ಎಂದು ಹೇಳಲು ಬರುವುದಿಲ್ಲ.

ಕಾಗದದಿಂದ ಹೊರಕ್ಕೆ

ಲಸಿಕೆ ಮುಗಿದ ಮೇಲೆ ಶುರುವಾಗುವ ಈ ಹಂತಕ್ಕೆ ಬಹಳ ತಾಳ್ಮೆ ಬೇಕು. ಕಾಗದದ ಮೇಲೆ ಚೆನ್ನಾಗಿ ಕಲಿತ ಮರಿ ಪಾರ್ಕಿಗೆ ಹೋಗಿ ಒಂದು ಗಂಟೆ ಸುತ್ತಿ, ಮನೆಗೆ ಬಂದು ಕಾಗದ ಹುಡುಕಿಕೊಂಡು ಮಾಡುತ್ತದೆ. ಅದು ಹೇಳಿದ್ದನ್ನು ಪಾಲಿಸುತ್ತಿದೆ, ಅಷ್ಟೆ.

ಕಾಗದವನ್ನು ದಿನಕ್ಕೆ ಒಂದು ಗೇಣಿನಂತೆ ಬಾಗಿಲ ಕಡೆಗೆ ಸರಿಸಿ. ಒಂದು ಗೇಣು, ಅದಕ್ಕಿಂತ ಹೆಚ್ಚಲ್ಲ. ಬಾಗಿಲು ಮುಟ್ಟಿದ ಮೇಲೆ ಬಾಲ್ಕನಿ ಅಥವಾ ಅಂಗಳ. ಬಾಲ್ಕನಿಯ ಸರಳುಗಳ ಸಂದಿಗೆ ಮೊದಲೇ ಬಲೆ ಕಟ್ಟಿಸಿ. ಅಲ್ಲಿ ಅಗಲವಾದ ತಟ್ಟೆಯಲ್ಲಿ ನಿಜವಾದ ಹುಲ್ಲಿನ ಹಾಸು ಇಟ್ಟು, ಅದರ ಮೇಲೆ ಒದ್ದೆ ಕಾಗದದ ಒಂದು ತುಂಡು ಹಾಕಿ. ನರ್ಸರಿಗಳಲ್ಲಿ ಲಾನ್ ಹುಲ್ಲು ಮಣ್ಣಿನ ಸಮೇತ ತುಂಡುಗಳಾಗಿ ಸಿಗುತ್ತದೆ. ಉಚ್ಚೆಯಿಂದ ಹುಲ್ಲು ಸುಟ್ಟು ಹಳದಿಯಾದಾಗ ಬದಲಿಸಬೇಕು. ಪ್ಲಾಸ್ಟಿಕ್ ಹುಲ್ಲು ತರಬೇಡಿ, ವಾಸನೆ ಹಿಡಿದರೆ ಬಿಡುವುದಿಲ್ಲ, ಕಾಲಿಗೂ ಹುಲ್ಲಿನಂತೆ ಅನ್ನಿಸುವುದಿಲ್ಲ. ಕಾಗದದ ತುಂಡು ದಿನೇ ದಿನೇ ಚಿಕ್ಕದಾಗಿ ಇಲ್ಲವಾದ ಮೇಲೆ ಮರಿಯ ಕಾಲು ಹುಲ್ಲನ್ನು ಕಲಿತಿರುತ್ತದೆ. ಪಾರ್ಕಿನ ಹುಲ್ಲು ಆಮೇಲೆ ಹೊಸದಲ್ಲ. ನೀವು ಮನೆಯಲ್ಲಿರುವಾಗೆಲ್ಲ ಹೊರಗೇ ಕರೆದೊಯ್ಯಿರಿ. ತಟ್ಟೆ ನೀವಿಲ್ಲದ ಹೊತ್ತಿಗೆ ಮಾತ್ರ. ರಸ್ತೆಯಲ್ಲಿ ಮಾಡಿದ ‘ಎರಡ’ನ್ನು ಕಾಗದದಲ್ಲಿ ಎತ್ತಿಕೊಂಡು ಬನ್ನಿ, ಅದರಲ್ಲಿ ಹೊಟ್ಟೆಹುಳದ ಮೊಟ್ಟೆಗಳಿರಬಹುದು.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮರಿಗಳು ಅಂಗಳಕ್ಕಿಳಿಯಲು ಒಪ್ಪುವುದಿಲ್ಲ. ಮಾಡಿನ ಕೆಳಗೆ ನೀರು ಬೀಳದ ಒಂದು ಮಣ್ಣಿನ ಜಾಗವನ್ನು ಜೂನ್‌ಗೆ ಮೊದಲೇ ರೂಢಿ ಮಾಡಿಸಿ. ನಿಂತ ನೀರಿನಲ್ಲಿ ಓಡಾಡಿಸಬೇಡಿ, ಇಲಿ ಉಚ್ಚೆಯಿಂದ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಬರಬಹುದು.

ಸಂಜೆ ಬಂದಾಗ ನೆಲ ಒದ್ದೆಯಾಗಿದ್ದರೆ

ಮೂತಿಯನ್ನು ಅದರಲ್ಲಿ ಉಜ್ಜಬೇಡಿ. ಪತ್ರಿಕೆ ಸುರುಳಿ ಸುತ್ತಿ ಹೊಡೆಯಬೇಡಿ. ಗಂಟೆಗಳ ಹಿಂದೆ ಮಾಡಿದ್ದಕ್ಕೂ ಈಗಿನ ಏಟಿಗೂ ಸಂಬಂಧ ಕಟ್ಟಲು ಮರಿಗೆ ಬರುವುದಿಲ್ಲ. ‘ತಪ್ಪು ಗೊತ್ತಿದೆ ನೋಡಿ, ಮುಖ ಹೇಗೆ ಸಣ್ಣ ಮಾಡುತ್ತೆ’ ಎನ್ನುವವರು ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಿಳಿಯಬೇಕು. ಒಡೆಯರು ಗದರಿದಾಗ ನಾಯಿಗಳು ಆ ಮುಖ ಮಾಡಿದವು, ತಪ್ಪು ಮಾಡದ ನಾಯಿಗಳೂ ಮಾಡಿದವು. ಅದು ನಿಮ್ಮ ಸಿಟ್ಟಿಗೆ ಬಂದ ಹೆದರಿಕೆ. ಹೊಡೆತ ತಿಂದ ಮರಿ ನಿಮ್ಮೆದುರು ಮಾಡುವುದೇ ತಪ್ಪು ಎಂದುಕೊಂಡು ಮಂಚದ ಕೆಳಗೆ ಹೋಗಿ ಮಾಡಲು ಶುರುಮಾಡುತ್ತದೆ, ಹೊರಗೆ ಹಗ್ಗ ಹಿಡಿದು ನಿಂತಾಗ ನಿಮ್ಮ ಮುಂದೆ ಮಾಡುವುದೂ ಇಲ್ಲ.

ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ಕಿಣ್ವ (ಎನ್‌ಜೈಮ್) ಇರುವ ದ್ರಾವಣ ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಹಣ ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ. ಫಿನಾಯಿಲ್ ಬೇಡವೇ ಬೇಡ: ನಮಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ಕಪ್ಪು ಫಿನಾಯಿಲ್ ಮೆಟ್ಟಿ ಕಾಲು ನೆಕ್ಕಿದ ಮರಿಗೆ ವಿಷವೂ ಆಗಬಹುದು. ಅಮೋನಿಯಾ ಇರುವ ಕ್ಲೀನರ್‌ಗಳು ಉಚ್ಚೆಯ ವಾಸನೆಯನ್ನೇ ಹೋಲುತ್ತವೆ. ವಿನೆಗರ್‌ಗೆ ಸಮ ನೀರು ಬೆರೆಸಿ ಟೈಲ್ಸ್ ಒರೆಸಬಹುದು, ಆದರೆ ಶಹಾಬಾದ್, ಕಡಪ ಕಲ್ಲು ಮತ್ತು ಮಾರ್ಬಲ್ ಮೇಲೆ ಹಾಕಬೇಡಿ. ಅವು ಸುಣ್ಣದ ಕಲ್ಲುಗಳು, ಹುಳಿ ತಾಗಿದರೆ ಹೊಳಪು ಹೋಗುತ್ತದೆ.

ಚೆನ್ನಾಗಿ ಕಲಿತ ಮರಿ ಇದ್ದಕ್ಕಿದ್ದಂತೆ ತಪ್ಪಿದರೆ, ಹನಿಹನಿಯಾಗಿ ಮೇಲಿಂದ ಮೇಲೆ ಹೊಯ್ದರೆ, ರಕ್ತ ಕಂಡರೆ ಅದು ಪಾಠದ ಸಮಸ್ಯೆಯಲ್ಲ. ಅವತ್ತೇ ಪಶುವೈದ್ಯರ ಬಳಿ ಹೋಗಿ. ಆರೇಳು ತಿಂಗಳಿಗೆ ಗಂಡುಮರಿ ಕಾಲೆತ್ತಿ ಸೋಫಾದ ಕಾಲಿಗೆ ಗುರುತು ಹಾಕಲು ಶುರುಮಾಡಿದರೆ ಸಂತಾನಶಕ್ತಿಹರಣದ ಬಗ್ಗೆ ಅವರಲ್ಲೇ ಕೇಳಿ. ಇನ್ನು ಮರಿ ಪೂರ್ತಿ ಕಲಿತಿತು, ಇಡೀ ದಿನ ತಡೆದುಕೊಳ್ಳುತ್ತದೆ ಎಂದು ಮಧ್ಯಾಹ್ನ ಬರುವವರನ್ನು ನಿಲ್ಲಿಸಬೇಡಿ. ವರ್ಷ ತುಂಬಿದ ನಾಯಿಯನ್ನೂ ಆರೆಂಟು ಗಂಟೆಗಿಂತ ಹೆಚ್ಚು ಹೊತ್ತು ಕಾಯಿಸಬಾರದು.