ಜಪಾನಿನ ಬಾಡಿಗೆ ಮನೆಗೆ ಒಗ್ಗಿಕೊಳ್ಳುವುದು ಹೇಗೆ?

ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾದ ಮೇಲೆ ಜಪಾನ್ ಎಂಬ ಹೆಸರು ಈ ಭಾಗದವರಿಗೆ ದೂರದ್ದಾಗಿ ಉಳಿದಿಲ್ಲ. ತರಬೇತಿಗೋ ಉದ್ಯೋಗಕ್ಕೋ ಅಲ್ಲಿಗೆ ಹೊರಡುವವರು ನಾಲ್ಕು ಮಾತು ಜಪಾನಿ ಭಾಷೆಯನ್ನೂ ಕಡ್ಡಿಗಳಲ್ಲಿ ಉಣ್ಣುವುದನ್ನೂ ಮುಂಚೆಯೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಆದರೆ ಊಟದ ಮೇಜಿನಲ್ಲಿ ಹೊಸಬರು ತಪ್ಪಿದರೆ ಅಲ್ಲಿನವರು ನಕ್ಕು ಸುಮ್ಮನಾಗುತ್ತಾರೆ. ಕಸ, ನೀರು, ಸದ್ದು ಈ ಮೂರರಲ್ಲಿ ನೆರೆಹೊರೆಗೆ ತೊಂದರೆಯಾದರೆ ದೂರು ಮನೆ ಮಾಲೀಕರವರೆಗೆ ಹೋಗುತ್ತದೆ. ಹಾಗಾಗಿ ಕಲಿಯಬೇಕಾದ್ದು ಮೊದಲು ಇವುಗಳನ್ನೇ.

ಹೊಸ ಮನೆ ಸೇರಿದ 14 ದಿನಗಳೊಳಗೆ ಸ್ಥಳೀಯ ಆಡಳಿತ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಕಡ್ಡಾಯ. ಅಲ್ಲಿಗೆ ಹೋದ ದಿನವೇ ಆ ಬಡಾವಣೆಯ ಕಸದ ಕ್ಯಾಲೆಂಡರನ್ನು ಕೇಳಿ ಪಡೆದು ಅಡುಗೆಮನೆಯ ಗೋಡೆಗೆ ಅಂಟಿಸಬೇಕು. ನಮ್ಮಲ್ಲಿ ನಗರಸಭೆಯ ಆಟೋ ಬಂದಾಗ ಹಸಿ ಕಸ, ಒಣ ಕಸ ಎಂದು ಎರಡು ಮಾಡಿ ಕೊಟ್ಟರೆ ಮುಗಿಯಿತು. ಅಲ್ಲಿ ಸುಡುವ ಕಸ, ಸುಡದ ಕಸ, ಪ್ಲಾಸ್ಟಿಕ್, ಗಾಜು, ಡಬ್ಬಿ, ಕಾಗದ ಎಂಬ ವಿಂಗಡಣೆಯುಂಟು. ಒಂದೊಂದಕ್ಕೂ ಒಂದೊಂದು ದಿನ ಗೊತ್ತಾಗಿರುತ್ತದೆ, ಊರು ಬದಲಾದರೆ ನಿಯಮವೂ ಬದಲಾಗುತ್ತದೆ. ತರಕಾರಿ ಸಿಪ್ಪೆ ಸುಡುವ ಕಸಕ್ಕೆ ಸೇರುವುದರಿಂದ ನೀರನ್ನು ಚೆನ್ನಾಗಿ ಹಿಂಡಿ ಕಟ್ಟಬೇಕು. ನೀರಿನ ಬಾಟಲಿಯಾದರೆ ಮುಚ್ಚಳ ತೆಗೆದು, ಮೈಮೇಲಿನ ಲೇಬಲ್ ಸುಲಿದು, ಒಳಗೆ ತೊಳೆದು, ಅಮುಕಿ ಇಡಬೇಕು. ಹಲವು ಊರುಗಳಲ್ಲಿ ನಿಗದಿತ ಚೀಲವನ್ನೇ ಅಂಗಡಿಯಿಂದ ಕೊಂಡು ಬಳಸಬೇಕಾಗುತ್ತದೆ. ಚೀಲವನ್ನು ಹಿಂದಿನ ರಾತ್ರಿ ಇಡದೆ, ಆ ದಿನ ಬೆಳಿಗ್ಗೆ, ಸಾಮಾನ್ಯವಾಗಿ 8 ಗಂಟೆಯೊಳಗೆ ಇಟ್ಟು, ಕಾಗೆಗಳು ಕೆದಕದಂತೆ ಅಲ್ಲಿರುವ ಬಲೆಯನ್ನು ಮೇಲೆಳೆಯಬೇಕು. ವಿಂಗಡಣೆ ತಪ್ಪಿದ ಚೀಲವನ್ನು ಗಾಡಿಯವರು ಒಯ್ಯುವುದಿಲ್ಲ. ಕಾರಣ ಬರೆದ ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋಗುತ್ತಾರೆ, ಅದನ್ನು ಇಡೀ ಬೀದಿ ನೋಡುತ್ತದೆ. ಬೋಂಡಾ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವಂತಿಲ್ಲ. ಎಣ್ಣೆಯನ್ನು ಗಟ್ಟಿಯಾಗಿಸುವ ಪುಡಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲವಾದರೆ ಹಳೆಯ ಪತ್ರಿಕೆಗೆ ಹೀರಿಸಿ ಸುಡುವ ಕಸಕ್ಕೆ ಸೇರಿಸಬಹುದು.

ಎರಡನೆಯದು ನೀರಿನ ವಿಚಾರ. ಬಕೆಟ್ ನೀರು ಸುರಿದು ಪೊರಕೆಯಿಂದ ತೊಳೆದರೇ ಶುಚಿಯಾಯಿತೆಂದು ನಂಬಿದ ನಮಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ. ಅಲ್ಲಿ ಶೌಚಾಲಯ ಸ್ನಾನದ ಮನೆಯಿಂದ ಬೇರೆಯಾಗಿರುವುದೇ ಹೆಚ್ಚು, ಅದರ ನೆಲದಲ್ಲಿ ನೀರು ಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಸುರಿದ ನೀರು ಕೆಳಗಿನ ಮನೆಯ ಸೂರಿಗೆ ಇಳಿಯಬಹುದು. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಅಲ್ಲಿನ ಪದ್ಧತಿ. ಸ್ನಾನದ ತೊಟ್ಟಿಯನ್ನು ಬಚ್ಚಲಿನ ಹಂಡೆಯಂತೆ ಭಾವಿಸಿದರೆ ಅರ್ಧ ಗೊಂದಲ ಕಳೆಯುತ್ತದೆ: ಅದರ ನೀರಿಗೆ ಸೋಪು ತಾಗಬಾರದು. ತೊಟ್ಟಿಯ ಹೊರಗೆ ಕುಳಿತು ಮೈ ತೊಳೆದು, ನೊರೆಯೆಲ್ಲ ಹೋದ ಮೇಲೆ ಬಿಸಿನೀರಿಗೆ ಇಳಿಯಬೇಕು. ಜಪಾನಿ ಕುಟುಂಬದ ಮನೆಯಲ್ಲಿ ತಂಗಿದ್ದರೆ ಎದ್ದು ಬರುವಾಗ ನೀರನ್ನು ಬಿಡಬಾರದು, ಏಕೆಂದರೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಅದೇ ನೀರಿನಲ್ಲಿ ಕುಳಿತುಕೊಳ್ಳುತ್ತಾರೆ.

ಚಪ್ಪಲಿಯ ವಿಷಯದಲ್ಲಿ ನಾವು ಅರ್ಧ ಪಾಸಾದವರೇ. ಆದರೆ ಅದನ್ನು ಬಾಗಿಲ ಹೊರಗೆ ಬಿಡಬಾರದು. ಬಾಗಿಲೊಳಗೆ, ಒಳನೆಲಕ್ಕಿಂತ ತುಸು ತಗ್ಗಿನಲ್ಲಿರುವ ಗೆಂಕಾನ್ ಎಂಬ ಜಾಗದಲ್ಲಿ ತುದಿ ಬಾಗಿಲ ಕಡೆಗಿರುವಂತೆ ಜೋಡಿಸಬೇಕು. ಹುಲ್ಲಿನ ತಾತಾಮಿ ಹಾಸಿನ ಮೇಲೆ ಮನೆಯೊಳಗಿನ ಸ್ಲಿಪ್ಪರ್ ಕೂಡ ಸಲ್ಲದು. ಅಪಾರ್ಟ್‌ಮೆಂಟಿನ ಮೊಗಸಾಲೆ ಎಲ್ಲರ ಓಡಾಟದ ದಾರಿಯಾದ್ದರಿಂದ ಅಲ್ಲಿ ರಂಗೋಲಿ ಬಿಡುವ ಬದಲು ಗೆಂಕಾನ್‌ನಲ್ಲಿ ಒಂದು ಹಲಗೆಯ ಮೇಲೆ ಹಾಕಿಕೊಳ್ಳಬಹುದು.

ಇನ್ನು ಸದ್ದು. ಮರದ ಕಟ್ಟಡಗಳಲ್ಲಿ ಹೆಜ್ಜೆಯ ಸಪ್ಪಳವೂ ಕೆಳಗೆ ಕೇಳಿಸುವುದರಿಂದ ರಾತ್ರಿ 9ರ ನಂತರ ಮತ್ತು ಬೆಳಗಿನ ಜಾವ ಬಟ್ಟೆ ಒಗೆಯುವ ಯಂತ್ರ, ಮಿಕ್ಸಿಗಳನ್ನು ಓಡಿಸದಿರುವುದು ಲೇಸು. ಊರಿನಿಂದ ಮಿಕ್ಸಿ ಹೊತ್ತೊಯ್ದರೂ ಪ್ರಯೋಜನವಿಲ್ಲ: ಅಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮ ಯಂತ್ರಗಳಿಗೆ ಬೇಕಾದ್ದು 230. ಟ್ರಾನ್ಸ್‌ಫಾರ್ಮರ್ ಖರೀದಿಸುವುದಕ್ಕಿಂತ ಅಲ್ಲಿಯೇ ಒಂದು ಕೊಳ್ಳುವುದು ಮೇಲು. ರಾಗಿ ಹಿಟ್ಟು ಜೊತೆಗಿರಲಿ. ಶ್ರೀನಿವಾಸಪುರದ ಮಾವು, ಹಸಿ ಕರಿಬೇವು ಬೇಡ, ತಾಜಾ ಹಣ್ಣು ಸೊಪ್ಪುಗಳಿಗೆ ವಿಮಾನ ನಿಲ್ದಾಣದಲ್ಲೇ ತಡೆಯುಂಟು.

ನೆರೆಯವರು ಊಟಕ್ಕೆ ಕರೆದರೆ ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಬಾರದು, ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸಬಾರದು. ಎರಡೂ ಸಾವಿನ ಕರ್ಮಕ್ಕೆ ಸೇರಿದ ಕ್ರಮಗಳು. ಸಸ್ಯಾಹಾರಿಗಳು ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಮಿಸೋ ಸಾರಿನಂಥ ನಿತ್ಯದ ಅಡುಗೆಗೂ ಒಣಮೀನಿನ ರಸ ಬೀಳುವುದು ರೂಢಿ, ಅದನ್ನು ಬಹಳ ಮಂದಿ ಮಾಂಸವೆಂದು ಎಣಿಸುವುದಿಲ್ಲ. ಮೀನಿನ ರಸವೂ ಆಗದು ಎಂಬುದನ್ನು ಊಟಕ್ಕೆ ಕುಳಿತ ಮೇಲೆ ಹೇಳದೆ, ಆಹ್ವಾನ ಒಪ್ಪಿಕೊಳ್ಳುವಾಗಲೇ ತಿಳಿಸಬೇಕು.