ನಮ್ಮ ಬೀದಿಗೆ ನೀಲಿ ಬಣ್ಣ ಬಂದರೆ ಅರ್ಜಿಯಲ್ಲಿ ಏನು ಬರೆಯಬೇಕು

ಹಾಸನದ ಸಾಲಗಾಮೆ ರಸ್ತೆಯ ಹಿಂದಿನ ಬೀದಿಯಲ್ಲಿ ನನ್ನ ಮನೆ. ಮುಂದಿನ ರೂಮಿನಲ್ಲೇ ಕೋಡುಬಳೆ, ನಿಪ್ಪಟ್ಟಿನ ವ್ಯಾಪಾರ. ಹಾಗಾಗಿ ಊರಿನ ನಕ್ಷೆಯಲ್ಲಿ ನಮ್ಮ ಬೀದಿ ನೀಲಿಯಾಗಬೇಕೋ, ಅಂದರೆ ವಾಣಿಜ್ಯ ವಲಯಕ್ಕೆ ಸೇರಬೇಕೋ ಬೇಡವೋ ಎಂಬ ಜಗಳದಲ್ಲಿ ಎರಡೂ ಕಡೆಯವರು ನನ್ನನ್ನು ತಮ್ಮವಳು ಅಂದುಕೊಂಡಿದ್ದಾರೆ. ಎದುರು ಮನೆ ಮೇಷ್ಟ್ರು, "ನಾಳೆ ಇಲ್ಲೊಂದು ಬಾರ್ ಬಂದರೆ ಏನಮ್ಮಾ ಗತಿ?" ಅನ್ನುತ್ತಾರೆ. ಮೂಲೆಯ ಹಾರ್ಡ್‌ವೇರ್ ಅಂಗಡಿಯವನು, "ಸೈಟಿಗೆ ರೇಟು ಬರುತ್ತೆ ಬಿಡಿ ಅಕ್ಕಾ" ಅನ್ನುತ್ತಾನೆ. ಇಬ್ಬರದೂ ನಿಜವೇ. ಆದರೆ ಅದನ್ನೇ ಆಕ್ಷೇಪಣೆ ಅರ್ಜಿಗೆ ಇಳಿಸಿದರೆ ಪ್ರಯೋಜನವಿಲ್ಲ. ಹಿಂದೊಮ್ಮೆ ನಾನು ಮೂರು ಪುಟ ಗೋಳು ಬರೆದುಕೊಟ್ಟೆ. ಯಾವ ಸೈಟು ಅಂತ ಒಂದು ಕಡೆಯೂ ಬರೆದಿರಲಿಲ್ಲ!

ಮೊದಲು ದಿನ ಎಣಿಸಿ. ಊರಿನ ಯಾವ ಜಾಗ ಯಾವುದಕ್ಕೆ ಅಂತ ಗುರುತಿಸುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂ ಪ್ರಕಾರ ಅಭಿಪ್ರಾಯ ಹೇಳಲು ಜನರಿಗೆ 60 ದಿನ ಸಿಗುತ್ತದೆ. ಯೋಜನೆ ಜಾರಿಯಾದ ಮೇಲೆ ಯಾರೋ ಒಬ್ಬರು ತಮ್ಮ ಜಾಗದ ಭೂ ಉಪಯೋಗ ಬದಲಿಸಿ ಅಂತ ಕೇಳಿದರೆ ಅದು ಅದೇ ಕಾಯ್ದೆಯ 14ಎ ಕಲಂ. ಅದಕ್ಕೆ ಪೇಪರಿನಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಒಳಪುಟದ ಸಣ್ಣ ಅಕ್ಷರ ಅದು, ಕಣ್ಣು ತಪ್ಪಿಬಿಡುತ್ತದೆ.

ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ನಕ್ಷೆ ನೋಡಿ. ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ. ಬರೀ ಬಣ್ಣ ನೋಡಿ ಗಾಬರಿ ಬೀಳಬೇಡಿ. ಜೊತೆಗೆ ವಲಯ ನಿಯಮಾವಳಿ ಅಂತ ಇರುತ್ತದೆ, ಅದನ್ನೂ ಕೇಳಿ. ಯಾವ ಬಣ್ಣದಲ್ಲಿ ಏನು ಮಾಡಬಹುದು, ವಿಶೇಷ ಅನುಮತಿ ಯಾವುದಕ್ಕೆ ಬೇಕು ಎಂಬ ಪಟ್ಟಿ ಅದರಲ್ಲಿದೆ. ಹಳದಿಯಲ್ಲೂ ಸಣ್ಣಪುಟ್ಟ ಅಂಗಡಿಗೆ ಜಾಗ ಇರಬಹುದು. ನನಗೆ ಜೀವ ಬಂದಿದ್ದು ಈ ಪಟ್ಟಿ ಓದಿದ ಮೇಲೆ.

ಈಗ ಮುಖ್ಯ ವಿಷಯ: ನೀಲಿ ಎಲ್ಲಿಗೆ ಮುಗಿಯುತ್ತದೆ? ದೊಡ್ಡ ರಸ್ತೆಗೆ ಮುಖ ಮಾಡಿದ ಸೈಟುಗಳ ಹಿಂಗೋಡೆಗೆ ಗೆರೆ ನಿಂತರೆ ಅಂಗಡಿಯ ಬೆನ್ನಿಗೆ ಮನೆಯ ಬೆನ್ನು, ನಡುವೆ ಕಾಂಪೌಂಡು. ಹೇಗೋ ನಡೆಯುತ್ತದೆ. ಅದೇ ಗೆರೆ ಒಳಬೀದಿಯ ನಡುವೆ ಓಡಿದರೆ ಒಂದು ಸಾಲು ಅಂಗಡಿ, ಎದುರು ಸಾಲು ಮನೆ. ಸಿಮೆಂಟ್ ಇಳಿಸುವ ಗಾಡಿ ಬೆಳಗ್ಗೆ ಮೇಷ್ಟ್ರ ಗೇಟಿಗೇ ಅಡ್ಡ. ಗೆರೆ ಒಂದೇ ಸೈಟಿನ ಮೇಲೆ ಹಾದು ಹೋಗಿ ಮನೆ ಅರ್ಧ ಹಳದಿ, ಅರ್ಧ ನೀಲಿ ಆದರಂತೂ ಪ್ಲಾನ್ ಮಂಜೂರಾತಿಗೆ ಅಲೆದಾಟ. ಹಾಗಂತ ಗೆರೆಯನ್ನು ದೊಡ್ಡ ರಸ್ತೆಯಿಂದ ಇನ್ನೂ ಹಿಂದಕ್ಕೆ ಸರಿಸಿ ಅನ್ನುವ ಅಂಗಡಿಯವರದು ಸುಮ್ನೆ ದುರಾಸೆ ಅನ್ನಲಾರೆ. ಸೈಟಿಗೆ ಆಳ ಇಲ್ಲದಿದ್ದರೆ ಪಾರ್ಕಿಂಗ್ ಎಲ್ಲಿ ಮಾಡಬೇಕು? ಗಿರಾಕಿಯ ಬೈಕೆಲ್ಲ ರಸ್ತೆಗೇ ಅಲ್ವಾ?

ಆದ್ದರಿಂದ ಅರ್ಜಿ ಒಂದೇ ಪುಟ ಇರಲಿ. "ವಾಣಿಜ್ಯ ವಲಯ ಬೇಡ" ಅಂತ ಬರೆಯುವ ಬದಲು ಗೆರೆ ಎಲ್ಲಿ ನಿಲ್ಲಬೇಕು ಅಂತ ಬರೆಯಿರಿ. ಸರ್ವೆ ನಂಬರು, ಸೈಟ್ ನಂಬರು, ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆವರೆಗೆ. ಬೀದಿಯ ಅಗಲ ಅಳೆದು ಅಡಿಯಲ್ಲಿ ಹಾಕಿ. ನಮ್ಮಲ್ಲಿ ಮೇಷ್ಟ್ರು ಟೇಪಿನ ಒಂದು ತುದಿ ಹಿಡಿದರು, ಇನ್ನೊಂದು ತುದಿ ಹಾರ್ಡ್‌ವೇರ್‌ನವನು. ಟೇಪೂ ಅವನದೇ. ಶಾಲೆ, ಚರಂಡಿ, ಲಾರಿ ತಿರುಗಲಾಗದ ಮೂಲೆ ಇದ್ದರೆ ಫೋಟೋ ತೆಗೆದು ಅಂಟಿಸಿ. ನಕ್ಷೆಯ ಜೆರಾಕ್ಸ್ ಮೇಲೆ ನಿಮ್ಮ ಗೆರೆಯನ್ನು ಕೆಂಪು ಪೆನ್ನಿನಲ್ಲಿ ಎಳೆದು ಲಗತ್ತಿಸಿ. ನನ್ನ ಅನುಭವದಲ್ಲಿ ಎರಡು ಪುಟ ಮಾತಿಗಿಂತ ಇದು ಬೇಗ ಅರ್ಥವಾಗುತ್ತದೆ.

ಒಂದೇ ಒಕ್ಕಣೆಗೆ ಐವತ್ತು ಜನ ಸಹಿ ಹಾಕುವುದಕ್ಕಿಂತ ಐದು ಮನೆಯವರು ತಮ್ಮ ತಮ್ಮ ತೊಂದರೆ ಬೇರೆ ಬೇರೆ ಬರೆದುಕೊಟ್ಟರೆ ಒಳ್ಳೆಯದು.

ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಂಡು ವಾಪಸ್ ತನ್ನಿ. ವಿಚಾರಣೆಗೆ ಕರೆದರೆ ಅದೇ ಪ್ರತಿ ಕೈಯಲ್ಲಿರಲಿ.